ಕೀಮೋ ಬಗ್ಗೆ ತಿಳಿಸಲು ಯಾವ ವಿಡಿಯೊ? ಯಾರಿಗೆ, ಯಾವಾಗ, ಎಷ್ಟು ಹೊತ್ತಿನದು?

ಕೀಮೋ, ಅಂದರೆ ಕ್ಯಾನ್ಸರ್‌ಗೆ ಕೊಡುವ ಔಷಧಿ ಚಿಕಿತ್ಸೆ, ಈಗ ಜಿಲ್ಲಾ ಆಸ್ಪತ್ರೆಗೂ ಬಂದಿದೆ. 2025ರಲ್ಲಿ ರಾಜ್ಯದ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋಥೆರಪಿ ಕೇಂದ್ರಗಳು ಶುರುವಾದವು. ಮೂರು ವರ್ಷದೊಳಗೆ ದೇಶದ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಇಂಥ ಕೇಂದ್ರ ತೆರೆಯುವುದಾಗಿ ಅದೇ ವರ್ಷದ ಕೇಂದ್ರ ಬಜೆಟ್ ಹೇಳಿತು. ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರುತ್ತಿದ್ದವರಿಗೆ ಇದು ದೊಡ್ಡ ಅನುಕೂಲ. ಆದರೆ ಡೇ ಕೇರ್ ಅಂದರೆ ಬೆಳಿಗ್ಗೆ ಬಂದು ಡ್ರಿಪ್ ಹಾಕಿಸಿಕೊಂಡು ಸಂಜೆ ಮನೆಗೆ ಹೋಗುವುದು. ಕೀಮೋದ ತೊಂದರೆಗಳು ಬಹುಪಾಲು ತಲೆಯೆತ್ತುವುದು ಆಮೇಲೆ, ಮನೆಯಲ್ಲಿ, ನಾಲ್ಕನೇ ದಿನವೋ ಹತ್ತನೇ ದಿನವೋ. ಆಗ ಪಕ್ಕದಲ್ಲಿರುವುದು ಸಿಸ್ಟರ್ ಅಲ್ಲ, ಮಗಳೋ ಗಂಡನೋ ಅತ್ತಿಗೆಯೋ. ಅವರಿಗೆ ಏನು ಗೊತ್ತಿದೆ ಅನ್ನುವುದರ ಮೇಲೆ ಬಹಳಷ್ಟು ನಿಂತಿರುತ್ತದೆ.

ಇದಕ್ಕೆ ಎಲ್ಲರೂ ಕೊಡುವ ಸಲಹೆ ಒಂದೇ: ‘ಒಂದು ವಿಡಿಯೊ ತೋರಿಸಿಬಿಡಿ.’ ಯಾವ ವಿಡಿಯೊ, ಯಾರಿಗೆ, ಯಾವ ಹೊತ್ತಿನಲ್ಲಿ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಈ ಬರಹ ಮುಖ್ಯವಾಗಿ ಆ ಆಯ್ಕೆ ಮಾಡಬೇಕಾದ ವಾರ್ಡ್ ಸಿಸ್ಟರ್‌ಗಳು, ಆಸ್ಪತ್ರೆಯ ಸಮಾಜ ಕಾರ್ಯಕರ್ತರು, ಸ್ವಯಂಸೇವಕರಿಗೆ. ಮನೆಯವರಿಗೆ ಬೇಕಾದದ್ದು ಕೊನೆಯ ಕಡೆ ಇದೆ. ಅಳತೆಗೋಲು ಮಾತ್ರ ಎಲ್ಲರಿಗೂ ಒಂದೇ ಇಟ್ಟುಕೊಂಡಿದ್ದೇನೆ: ಇದನ್ನು ನೋಡಿದವರು ರಾತ್ರಿ ಎರಡು ಗಂಟೆಗೆ ರೋಗಿಯ ಮೈ ಬಿಸಿಯಾದರೆ ಏನು ಮಾಡಬೇಕೋ ಅದನ್ನು ಮಾಡುತ್ತಾರಾ? ಚಿತ್ರೀಕರಣ ಚೆನ್ನಾಗಿದೆಯೇ, ಸಂಗೀತ ಹಿತವಾಗಿದೆಯೇ ಅನ್ನುವುದೆಲ್ಲ ಆಮೇಲಿನ ಮಾತು.

ಬಾಯಿಮಾತು, ಕಾಗದ, ವಿಡಿಯೊ

ಸಿಸ್ಟರ್ ಎದುರಿಗೆ ಕೂತು ಹೇಳುವುದಕ್ಕೆ ಸಾಟಿಯಾದದ್ದು ಯಾವುದೂ ಇಲ್ಲ. ಅಜ್ಜಿಗೆ ಕಿವಿ ಮಂದ, ಮಗನಿಗೆ ಗಾಬರಿ, ಸೊಸೆ ಬಸುರಿ. ಇದನ್ನು ಕಂಡು ಮಾತು ಬದಲಿಸುವುದು ಮನುಷ್ಯರಿಂದ ಮಾತ್ರ ಆಗುವ ಕೆಲಸ. ಆ ಬಸುರಿ ಸೊಸೆ ಕೀಮೋ ಮಾತ್ರೆಗಳನ್ನು ಮುಟ್ಟಬಾರದು, ಔಷಧಿಯ ಅಂಶ ಮೈಯಿಂದ ಹೊರಬೀಳುವ ಮೊದಲ ಎರಡು ದಿನ ರೋಗಿಯ ವಾಂತಿ, ಮೂತ್ರ ಬಳಿಯುವ ಕೆಲಸ ಅವಳಿಗೆ ಬೇಡ ಎಂದು ಯಾವ ವಿಡಿಯೊವೂ ಅವಳ ಮುಖ ನೋಡಿ ಹೇಳುವುದಿಲ್ಲ. ಬಾಯಿಮಾತಿನ ಕೊರತೆ ಬೇರೆ ಥರದ್ದು. ವೈದ್ಯರು ಹೇಳಿದ್ದರಲ್ಲಿ ಶೇ. 40ರಿಂದ 80ರಷ್ಟನ್ನು ಜನ ಕೂಡಲೇ ಮರೆತುಬಿಡುತ್ತಾರೆ ಎಂದು 2003ರ ಒಂದು ಪ್ರಸಿದ್ಧ ವಿಮರ್ಶಾ ಲೇಖನ ಹೇಳುತ್ತದೆ. ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದ ವಾರದಲ್ಲಂತೂ ಕೇಳಬೇಕೆ. ಇನ್ನೊಂದು ಕಡೆ, ಬೆಳಗಿನ ಮೊದಲ ರೋಗಿಗೆ ಹದಿನೈದು ನಿಮಿಷ ಹೇಳಿದ್ದನ್ನು ಮಧ್ಯಾಹ್ನದ ಹೊತ್ತಿಗೆ ನಾಲ್ಕು ನಿಮಿಷದಲ್ಲಿ ಮುಗಿಸುವಂತಾಗುತ್ತದೆ. ಅದು ಸಿಸ್ಟರ್ ತಪ್ಪಲ್ಲ, ಬೆಡ್‌ಗಳ ಲೆಕ್ಕದ ತಪ್ಪು.

ಕಾಗದಕ್ಕೆ ಅದರದೇ ಜಾಗವಿದೆ. ಫೋನ್ ನಂಬರು, ಮುಂದಿನ ಸೈಕಲ್‌ನ (ಕೀಮೋ ಸುತ್ತಿನ) ದಿನಾಂಕ, ಮಾತ್ರೆಯ ಹೊತ್ತು, ಯಾವ ಔಷಧಿ ಹಾಕಿದ್ದಾರೆ ಎಂಬ ಹೆಸರು, ಇವಕ್ಕೆ ಕಾಗದವೇ ಸರಿ. ಗಾಬರಿಯಲ್ಲಿ ಫೈಲು ತೆರೆದರೆ ಸಿಗಬೇಕು. ಹದಿನಾರು ಪುಟದ ಪುಸ್ತಿಕೆಯ ಕಥೆ ಬೇರೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇ. 75.36, ಹೆಂಗಸರದ್ದು ಶೇ. 68.08, ಯಾದಗಿರಿಯಂಥ ಜಿಲ್ಲೆಯಲ್ಲಿ ಒಟ್ಟಾರೆ ಶೇ. 52ರ ಆಸುಪಾಸು. ಅಂಕಿ ಹಳೆಯದು, ಈಗ ಏರಿರಬಹುದು. ಆದರೆ ಕೀಮೋಗೆ ಬರುವವರಲ್ಲಿ ವಯಸ್ಸಾದವರೇ ಹೆಚ್ಚು ಎಂಬುದನ್ನು ಮರೆಯಬೇಡಿ. ಓದಲು ಬರುವವರೂ ಆ ಪುಸ್ತಿಕೆಯನ್ನು ಎಕ್ಸ್‌ರೇ ಕವರಿನೊಳಗೆ ಭದ್ರವಾಗಿಟ್ಟು ಮರೆಯುತ್ತಾರೆ.

ವಿಡಿಯೊದ ಬಲ ಎಲ್ಲಿದೆ? ಕಣ್ಣಿಂದ ನೋಡಿದರೆ ಮಾತ್ರ ತಿಳಿಯುವ ಸಂಗತಿಗಳಲ್ಲಿ. ಕಂಕುಳಲ್ಲಿ ಥರ್ಮಾಮೀಟರ್ ಎಲ್ಲಿ ಕೂರಬೇಕು, ಕ್ಯಾನುಲಾ (ಡ್ರಿಪ್‌ಗಾಗಿ ನರಕ್ಕೆ ಹಾಕುವ ಸಣ್ಣ ನಳಿಕೆ) ಹಾಕಿದ ಜಾಗದಲ್ಲಿ ಔಷಧಿ ಹೊರಗೆ ಸೋರಿದರೆ ಕೈ ಹೇಗೆ ಊದುತ್ತದೆ, ಬಾಯಿಹುಣ್ಣು ಶುರುವಾದಾಗ ನಾಲಿಗೆ ಹೇಗೆ ಕಾಣುತ್ತದೆ. ಬೆಳಿಗ್ಗೆಗೂ ಸಂಜೆಗೂ ಒಂದೇ ಮಾತು ಹೇಳುತ್ತದೆ, ಮನೆಗೆ ಹೋದಮೇಲೂ ಹಾಕಿ ನೋಡಬಹುದು, ವಾರ್ಡಿಗೆ ಬರಲಾಗದ ತಮ್ಮನಿಗೂ ಕಳಿಸಬಹುದು. ವಿಡಿಯೊ ನೋಡಿದವರ ತಿಳಿವಳಿಕೆ ಹೆಚ್ಚುತ್ತದೆ ಎಂಬುದಕ್ಕೆ ಅಧ್ಯಯನಗಳ ಆಧಾರ ಚೆನ್ನಾಗಿಯೇ ಇದೆ. ಆತಂಕ ಇಳಿಯುತ್ತದೆಯೇ ಎಂಬ ವಿಷಯದಲ್ಲಿ ಫಲಿತಾಂಶಗಳು ಒಂದೇ ಥರ ಇಲ್ಲ. ಕೆಲವರಿಗೆ ಇಳಿಯುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ‘ವಿಡಿಯೊ ತೋರಿಸಿ, ಭಯ ಹೋಗುತ್ತೆ’ ಎಂದು ಭರವಸೆ ಕೊಡುವವರನ್ನು ಅರ್ಧ ನಂಬಿ.

ದುಡ್ಡು, ಸಮಯ ಎರಡೂ ಕಡಿಮೆ ಇದ್ದರೆ ನನ್ನ ಸರತಿ ಹೀಗಿದೆ: ಮೊದಲು ಮಾತಾಡುವ ಒಬ್ಬ ಸಿಸ್ಟರ್, ಆಮೇಲೆ ಒಂದು ಪುಟದ ಕಾರ್ಡು, ಮೂರನೆಯದು ವಿಡಿಯೊ. ಸಿಸ್ಟರ್ ಈಗಾಗಲೇ ಇದ್ದು, ಅವರ ಹೊತ್ತೆಲ್ಲ ದಿನಾ ಅದದೇ ಮಾತು ಹೇಳುವುದರಲ್ಲೇ ಕಳೆಯುತ್ತಿದ್ದರೆ ವಿಡಿಯೊ ಬೆಲೆ ಏರುತ್ತದೆ. ಎಲ್ಲರಿಗೂ ಹೇಳುವ ಮಾತನ್ನು ಅದು ಹೇಳಿಬಿಟ್ಟರೆ ಸಿಸ್ಟರ್‌ಗೆ ಸಿಗುವ ಹತ್ತು ನಿಮಿಷ ಪೂರ್ತಿ ಆ ಮನೆಯವರ ಪ್ರಶ್ನೆಗಳಿಗೇ ಹೋಗುತ್ತದೆ. ಸಿಸ್ಟರ್ ಇಲ್ಲದ ಜಾಗಕ್ಕೆ ವಿಡಿಯೊ ತಂದು ಕೂರಿಸುವುದು ಮಾತ್ರ ಬೇಡ. ಮೊದಲ ಕೀಮೋಗೆ ಮುಂಚೆಯೇ ರೋಗಿಗೆ ತಿಳಿಸಿಕೊಡಬೇಕು, ತಿಳಿಸಿದ್ದನ್ನು ಫೈಲಿನಲ್ಲಿ ದಾಖಲಿಸಬೇಕು ಎಂದು ಅಮೆರಿಕದ ಕ್ಯಾನ್ಸರ್ ವೈದ್ಯರ ಮತ್ತು ನರ್ಸ್‌ಗಳ ಸಂಘಗಳು 2009ರಿಂದ ಜಂಟಿಯಾಗಿ ಹೊರಡಿಸುತ್ತಿರುವ ಸುರಕ್ಷತಾ ಮಾನದಂಡಗಳು ಹೇಳುತ್ತವೆ. ‘ವಿಡಿಯೊ ತೋರಿಸಲಾಗಿದೆ’ ಎಂಬ ಒಂದು ಟಿಕ್‌ನಿಂದ ಆ ಕೆಲಸ ಮುಗಿದಂತಲ್ಲ.

ಉದ್ದ ಚಿತ್ರವೋ, ಸಣ್ಣ ತುಣುಕುಗಳೋ

ಆಸ್ಪತ್ರೆಗಳಿಗೆ ಉದ್ದ ಚಿತ್ರದ ಮೇಲೆ ಮೋಹ. ಇಪ್ಪತ್ತೈದು ನಿಮಿಷ, ಕ್ಯಾನ್ಸರ್ ಎಂದರೇನು ಎಂಬಲ್ಲಿಂದ ಶುರುವಾಗಿ, ನಿರ್ದೇಶಕರ ಸಂದೇಶ, ಕಟ್ಟಡದ ದೃಶ್ಯ, ಔಷಧಿಯ ಬಗೆಗಳು, ಅಡ್ಡಪರಿಣಾಮಗಳು, ಊಟ, ಕೊನೆಗೆ ಧನ್ಯವಾದ. ಜ್ವರದ ಮಾತು ಹತ್ತೊಂಬತ್ತನೇ ನಿಮಿಷದಲ್ಲಿ ಬರುತ್ತದೆ. ಆಗ ನೋಡುವವರ ಮನಸ್ಸು ಊರಿಗೆ ಹೋಗುವ ಬಸ್ಸಿನ ಮೇಲಿರುತ್ತದೆ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದ ವೀಕ್ಷಣೆಗಳನ್ನು ಲೆಕ್ಕ ಹಾಕಿದ 2014ರ ಅಧ್ಯಯನದಲ್ಲಿ, ಕಲಿಯಲೆಂದೇ ಬಂದ ವಿದ್ಯಾರ್ಥಿಗಳ ಗಮನವೂ ಆರು ನಿಮಿಷದ ಆಸುಪಾಸಿನಲ್ಲೇ ಸಡಿಲಾಗಿದ್ದು ಕಂಡುಬಂತು. ಚಿಂತೆಯಲ್ಲಿರುವ ಮನೆಯವರಿಂದ ಅದಕ್ಕಿಂತ ಹೆಚ್ಚು ಬಯಸುವುದು ನ್ಯಾಯವಲ್ಲ.

ಮೂರು ನಾಲ್ಕು ನಿಮಿಷದ ತುಣುಕುಗಳೇ ವಾಸಿ, ಒಂದೊಂದಕ್ಕೂ ಒಂದೇ ಪ್ರಶ್ನೆ. ಡೇ ಕೇರ್‌ನಲ್ಲಿ ಒಂದು ದಿನ ಹೇಗೆ ಕಳೆಯುತ್ತದೆ, ಡ್ರಿಪ್ ಹೋಗುವಾಗ ಉರಿದರೆ ಏನು, ಜ್ವರ, ವಾಂತಿ ಮತ್ತು ಊಟ, ಬಾಯಿಯ ಆರೈಕೆ, ಮನೆಯಲ್ಲಿ ಮೊದಲ 48 ಗಂಟೆ ಕಕ್ಕಸು, ಬಟ್ಟೆ, ಕೈಗವಸು. ಕೂದಲಿನ ಬಗ್ಗೆಯೂ ಒಂದು ಬೇಕು, ಮೊದಲ ಕೀಮೋ ಆಗಿ ಎರಡು ಮೂರು ವಾರಕ್ಕೆ ಉದುರಲು ಶುರುವಾಗುತ್ತದೆ ಎಂದು ಮುಂಚೆಯೇ ಗೊತ್ತಿದ್ದವರಿಗೂ ಸ್ನಾನದ ಮನೆಯಲ್ಲಿ ಕೈತುಂಬ ಕೂದಲು ಬಂದಾಗ ಆಗುವ ಆಘಾತ ಬೇರೆಯೇ. ತುಣುಕಿನ ಇನ್ನೊಂದು ಲಾಭ, ಹುಡುಕಿ ಮತ್ತೆ ನೋಡಬಹುದು. ಉದ್ದ ಚಿತ್ರದಲ್ಲಿ ಬಾಯಿಹುಣ್ಣಿನ ಭಾಗ ಎಲ್ಲಿದೆ ಎಂದು ಎಳೆದು ನೋಡುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಉದ್ದ ಚಿತ್ರಕ್ಕೆ ಒಂದು ಒಳ್ಳೆಯ ಉಪಯೋಗ ಇದೆ: ಹೊಸದಾಗಿ ಸೇರಿದ ಏಳೆಂಟು ಕುಟುಂಬಗಳನ್ನು ಒಟ್ಟಿಗೆ ಕೂರಿಸಿ, ನಡುನಡುವೆ ನಿಲ್ಲಿಸಿ ಮಾತಾಡುತ್ತಾ ತೋರಿಸುವ ತರಗತಿ. ನಿಲ್ಲಿಸುವವರು ಇರಬೇಕು ಅಷ್ಟೆ.

ಎಲ್ಲರಿಗೂ ಒಂದೋ, ಔಷಧಿಗೊಂದೋ

ಆಯ್ಕೆಯಲ್ಲಿ ಹೆಚ್ಚು ಎಡವುವುದು ಇಲ್ಲಿ. ಜನ ‘ಕೀಮೋ’ ಎಂದು ಒಂದೇ ಹೆಸರಲ್ಲಿ ಕರೆದರೂ ಒಳಗಿರುವುದು ಹತ್ತಾರು ಔಷಧಿಗಳು, ಒಂದಕ್ಕೆ ಹೇಳಿದ ಬುದ್ಧಿಮಾತು ಇನ್ನೊಂದಕ್ಕೆ ತಿರುಗಿಬೀಳಬಹುದು.

ಮಂಜುಗಡ್ಡೆಯನ್ನೇ ತೆಗೆದುಕೊಳ್ಳಿ. ಫ್ಲೋರೋಯುರಾಸಿಲ್ ಔಷಧಿಯನ್ನು ಒಮ್ಮೆಲೇ ನರಕ್ಕೆ ಕೊಡುವಾಗ ಬಾಯಲ್ಲಿ ಐಸ್ ಚೂರು ಇಟ್ಟುಕೊಂಡರೆ ಬಾಯಿಹುಣ್ಣು ಕಡಿಮೆಯಾಗುತ್ತದೆ, ಇದು ಸಾಬೀತಾದ ಉಪಾಯ. ಹಾಗೆಂದು ‘ಕೀಮೋ ಸಮಯದಲ್ಲಿ ಐಸ್ ಚೀಪಿ’ ಎಂದು ಒಂದು ಸಾಮಾನ್ಯ ವಿಡಿಯೊ ಹೇಳುತ್ತದೆ ಎಂದಿಟ್ಟುಕೊಳ್ಳಿ. ದೊಡ್ಡಕರುಳಿನ ಕ್ಯಾನ್ಸರ್‌ಗೆ ಅದೇ ಫ್ಲೋರೋಯುರಾಸಿಲ್ ಜೊತೆ ಆಕ್ಸಾಲಿಪ್ಲಾಟಿನ್ ಕೊಡುವುದು ವಾಡಿಕೆ. ಆಕ್ಸಾಲಿಪ್ಲಾಟಿನ್ ಹಾಕಿಸಿಕೊಂಡವರಿಗೆ ತಣ್ಣನೆಯದು ಆಗುವುದಿಲ್ಲ. ಫ್ರಿಜ್ಜಿನ ನೀರು ಕುಡಿದರೆ ಗಂಟಲು ಬಿಗಿದು ಉಸಿರೇ ನಿಂತಂತೆ ಅನಿಸುತ್ತದೆ, ತಣ್ಣನೆಯ ಪಾತ್ರೆ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ವಿಡಿಯೊ ಸುಳ್ಳು ಹೇಳಿರುವುದಿಲ್ಲ, ಬೇರೆಯವರಿಗೆ ಹೇಳಿರುತ್ತದೆ.

ಸ್ತನ ಕ್ಯಾನ್ಸರ್‌ಗೆ ಕೊಡುವ ‘ಕೆಂಪು ಔಷಧಿ’, ಅಂದರೆ ಡಾಕ್ಸೊರುಬಿಸಿನ್, ಮೂತ್ರವನ್ನು ಒಂದೆರಡು ದಿನ ಕೆಂಪಾಗಿಸುತ್ತದೆ. ಮೊದಲೇ ಹೇಳದಿದ್ದರೆ ಮನೆಯವರು ರಕ್ತ ಎಂದು ಹೌಹಾರುತ್ತಾರೆ. ಅದರ ಜೊತೆಯಲ್ಲೇ ಕೊಡುವ ಸೈಕ್ಲೊಫಾಸ್ಫಮೈಡ್‌ನಿಂದ ಮೂತ್ರಕೋಶದಲ್ಲಿ ನಿಜವಾಗಿಯೂ ರಕ್ತ ಬರಬಹುದು, ಹಾಗಾಗಿ ನೀರು ಚೆನ್ನಾಗಿ ಕುಡಿಯಬೇಕು. ಒಳ್ಳೆಯ ತುಣುಕು ಎರಡನ್ನೂ ಹೇಳುತ್ತದೆ: ಒಂದೆರಡು ದಿನದ ಕೆಂಪು ಸಹಜ, ಆಮೇಲೂ ಕೆಂಪಿದ್ದರೆ, ಉರಿ ನೋವು ಇದ್ದರೆ ಫೋನ್ ಮಾಡಿ. ‘ಹೆದರಬೇಡಿ’ ಎಂದಷ್ಟೇ ಹೇಳಿ ನಿಲ್ಲಿಸುವ ವಿಡಿಯೊ ಅಪಾಯಕಾರಿ.

ಹೀಗೇ ವಿನ್‌ಕ್ರಿಸ್ಟಿನ್ ಹೊಟ್ಟೆ ಕಟ್ಟಿಸುತ್ತದೆ, ಇರಿನೋಟೆಕಾನ್ ಭೇದಿ ಮಾಡಿಸುತ್ತದೆ. ಮಾತ್ರೆಯ ರೂಪದ ಕೀಮೋಗಂತೂ ಬೇರೆಯೇ ವಿಡಿಯೊ ಬೇಕು, ಏಕೆಂದರೆ ಅಲ್ಲಿ ಕೀಮೋ ಕೊಡುವ ನರ್ಸ್ ಮನೆಯ ಹೆಂಗಸೇ. ಕೆಪಸಿಟಬಿನ್ ಮಾತ್ರೆಯನ್ನು ಊಟವಾದ ಅರ್ಧ ಗಂಟೆಯೊಳಗೆ, ದಿನಕ್ಕೆರಡು ಸಲ, ಸಾಮಾನ್ಯವಾಗಿ 14 ದಿನ ತೆಗೆದುಕೊಂಡು 7 ದಿನ ಬಿಡಬೇಕು. ಆ ಬಿಡುವಿನ ವಾರ ಅರ್ಥವಾಗದೆ ‘ಮಾತ್ರೆ ಉಳಿದಿದೆಯಲ್ಲ’ ಎಂದು ಮುಂದುವರಿಸುವವರಿದ್ದಾರೆ. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ಪಟ್ಟು ನುಂಗಬಾರದು, ಮಾತ್ರೆ ಪುಡಿ ಮಾಡಬಾರದು, ಅಂಗೈ ಅಂಗಾಲು ಕೆಂಪಾಗಿ ನೋಯಲು ಶುರುವಾದರೆ ಆಸ್ಪತ್ರೆಗೆ ತಿಳಿಸಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ 14 ದಿನ ಗುರುತು ಹಾಕಿ ತೋರಿಸುವ ಎರಡು ನಿಮಿಷದ ದೃಶ್ಯ ಇಡೀ ಪುಸ್ತಿಕೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ಮಾತ್ರೆ ಕೀಮೋ ಕಲಿಸುವವರಿಗೆಂದೇ ಅಂತರರಾಷ್ಟ್ರೀಯ ಕ್ಯಾನ್ಸರ್ ಆರೈಕೆ ಸಂಘಟನೆಯಾದ ಮ್ಯಾಸ್ಕ್ ರೂಪಿಸಿದ ‘ಮೋಟ್’ ಎಂಬ ಪ್ರಶ್ನಾವಳಿ ಇದೆ, ಚಿತ್ರಕಥೆ ಬರೆಯುವವರು ಅದನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು.

ಹಾಗಾದರೆ ನೂರು ವಿಡಿಯೊ ಮಾಡಬೇಕೇ? ಬೇಡ. ಜ್ವರ, ಡ್ರಿಪ್ ಸೋರಿಕೆ, ಬಾಯಿ, 48 ಗಂಟೆ, ಇವು ಬಹುತೇಕ ಎಲ್ಲರಿಗೂ ಒಂದೇ. ಅದರ ಮೇಲೆ ನಿಮ್ಮ ವಾರ್ಡಿನಲ್ಲಿ ಹೆಚ್ಚು ಬಳಸುವ ನಾಲ್ಕೈದು ಔಷಧಿ ಜೋಡಿಗಳಿಗೆ ಒಂದೊಂದು ತುಣುಕು ಸಾಕು. ಸಾಮಾನ್ಯ ತುಣುಕುಗಳಲ್ಲಿ ಔಷಧಿಗೆ ತಕ್ಕಂತೆ ಬದಲಾಗುವ ಒಂದು ಮಾತೂ ನುಸುಳಬಾರದು.

ಯೂಟ್ಯೂಬ್, ಹೊರದೇಶದ್ದು, ನಮ್ಮದೇ

ಹೊರದೇಶದ ವಿಡಿಯೊಗಳು ನೋಡಲು ಚೆನ್ನ, ವೈದ್ಯಕೀಯವಾಗಿ ಹೆಚ್ಚಿನವು ಸರಿ. ಆದರೆ ಕನ್ನಡದ ದನಿ ಸೇರಿಸಿದ ಮಾತ್ರಕ್ಕೆ ನಮ್ಮವಾಗುವುದಿಲ್ಲ. ‘ಮುಚ್ಚಳ ಮುಚ್ಚಿ ಎರಡು ಸಲ ಫ್ಲಶ್ ಮಾಡಿ’ ಅನ್ನುತ್ತಾರೆ. ಬಕೆಟ್ಟಿನಲ್ಲಿ ನೀರು ಹಾಕುವ ಮನೆಯಲ್ಲಿ ಎಷ್ಟು ನೀರು, ಯಾರು ತೊಳೆಯಬೇಕು ಎಂಬುದಕ್ಕೆ ಉತ್ತರ ಇಲ್ಲ. ಕೂದಲು ಉದುರುವುದನ್ನು ತಗ್ಗಿಸಲು ತಲೆ ತಂಪು ಮಾಡುವ ಟೋಪಿ ತೋರಿಸುತ್ತಾರೆ. ನಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಅದನ್ನು ಕೇಳಿದರೆ ಸಿಗುವುದಿಲ್ಲ. ಹಸಿ ಮೀನು, ಮೆತ್ತನೆ ಚೀಸ್ ಬೇಡ ಅನ್ನುತ್ತಾರೆ. ನಮಗೆ ಬೇಕಾದದ್ದು ಬಸ್‌ಸ್ಟಾಂಡಿನ ಕತ್ತರಿಸಿದ ಹಣ್ಣು, ಪಾನಿಪೂರಿಯ ನೀರು, ಹೋಟೆಲಿನ ಹಸಿ ಚಟ್ನಿಯ ಮಾತು.

ಯೂಟ್ಯೂಬಿನ ಕನ್ನಡ ವಿಡಿಯೊಗಳಲ್ಲಿ ಒಳ್ಳೆಯ ವೈದ್ಯರು ಮಾತಾಡಿದವೂ ಇವೆ. ತೊಂದರೆ ಏನೆಂದರೆ ಅವು ಮುಗಿದೊಡನೆ ಮುಂದಿನದು ತಾನಾಗಿ ಶುರುವಾಗುತ್ತದೆ, ಅದರಲ್ಲಿ ಲಕ್ಷ್ಮಣಫಲ ತಿಂದರೆ ಕ್ಯಾನ್ಸರ್ ಕರಗುತ್ತದೆ ಎಂದೋ, ಅಡುಗೆ ಸೋಡಾ ಕುಡಿದರೆ ಸಾಕು ಎಂದೋ ಯಾರೋ ಹೇಳುತ್ತಿರುತ್ತಾರೆ. ಇನ್ನು ಪಥ್ಯ ಹೇಳುವವರ ಸಾಲು. ಅದು ನಂಜು, ಇದು ಉಷ್ಣ ಎಂದು ಬಿಡಿಸುತ್ತಾ ಹೋದರೆ ರೋಗಿಗೆ ಉಳಿಯುವುದು ಗಂಜಿ ಮಾತ್ರ. ತೂಕ ಇಳಿದರೆ ಮುಂದಿನ ಸೈಕಲ್ ತಡೆದುಕೊಳ್ಳುವುದು ಕಷ್ಟ. ಬಿಳಿ ರಕ್ತಕಣ ಕಡಿಮೆಯಾದವರಿಗೆಂದು ಮಾಡಿದ ಕಟ್ಟುನಿಟ್ಟಿನ ಪಥ್ಯವೂ ಸೋಂಕು ತಡೆಯುವುದರಲ್ಲಿ, ಶುಚಿಯಾಗಿ ಬೇಯಿಸಿದ ಸಾಮಾನ್ಯ ಊಟಕ್ಕಿಂತ ಮೇಲೆಂದು ಅಧ್ಯಯನಗಳಲ್ಲಿ ಸಾಬೀತಾಗಿಲ್ಲ. ಆದ್ದರಿಂದ ಒಳ್ಳೆಯ ಯೂಟ್ಯೂಬ್ ವಿಡಿಯೊ ಸಿಕ್ಕರೂ ಬರಿ ಕೊಂಡಿ ಕಳಿಸಬೇಡಿ. ಮಾಡಿದವರ ಒಪ್ಪಿಗೆ ಪಡೆದು ಫೈಲನ್ನೇ ಕಳಿಸಿದರೆ ಕ್ಷೇಮ. ವಾಟ್ಸಾಪ್‌ನಲ್ಲಿ ಕಳಿಸುವಾಗ ಚಿತ್ರದ ಗುಣಮಟ್ಟ ಇಳಿಯುತ್ತದೆ, ತೆರೆಯ ಮೇಲಿನ ಸಣ್ಣ ಅಕ್ಷರ ಕಾಣುವುದಿಲ್ಲ. ಮುಖ್ಯ ಮಾತೆಲ್ಲ ದನಿಯಲ್ಲಿ ಬರಬೇಕು.

ನಮ್ಮದೇ ವಾರ್ಡಿನಲ್ಲಿ ಮಾಡಿಕೊಂಡ ವಿಡಿಯೊಗೆ ನನ್ನ ಓಟು. ಕ್ಯಾಮೆರಾಕ್ಕಿಂತ ಮೈಕ್ ಮುಖ್ಯ: ಒಂದು ಸಾಧಾರಣ ಫೋನು, ಅಂಗಿಗೆ ಸಿಕ್ಕಿಸುವ ಮೈಕು, ಫ್ಯಾನ್ ಆರಿಸಿದ ಕೋಣೆ. ತಾನು ಕೂರಲಿರುವ ಕುರ್ಚಿ, ತನಗೆ ಸೂಜಿ ಹಾಕಲಿರುವ ಸಿಸ್ಟರ್ ಮುಖ ಮೊದಲೇ ನೋಡಿದ ರೋಗಿಗೆ ಸಿಗುವ ನಿರಾಳ ಯಾವ ದುಬಾರಿ ಅನಿಮೇಶನ್ನಿನಲ್ಲೂ ಇಲ್ಲ. ಭಾಷೆಯೂ ನಿಮ್ಮ ಕಡೆಯದೇ ಇರಲಿ. ಕಲಬುರಗಿಯಲ್ಲಿ ‘ಮೈ ಕಾದೈತೇನು’ ಎಂದರೆ ತಟ್ಟುವುದು ‘ದೇಹದ ಉಷ್ಣಾಂಶ ಹೆಚ್ಚಳ’ ಎಂದರೆ ತಟ್ಟುವುದಿಲ್ಲ. ಮಂಗಳೂರಿಗೆ ತುಳು, ಬೀದರ್ ಕಡೆಗೆ ಉರ್ದು ದನಿ ಸೇರಿಸಿದರೆ ಇನ್ನೂ ಒಳ್ಳೆಯದು.

ತೆರೆಯ ಮೇಲೆ ಯಾರು?

ದೇಹದೊಳಗೆ ನಡೆಯುವುದಕ್ಕೆ ಅನಿಮೇಶನ್ ಸರಿ: ಬೇಗ ಬೆಳೆಯುವ ಕಣಗಳ ಮೇಲೆ ಔಷಧಿ ಬೀಳುತ್ತದೆ, ಕೂದಲ ಬೇರು, ಬಾಯಿಯ ಒಳಪದರ, ರಕ್ತಕಣ ಹುಟ್ಟುವ ಮಜ್ಜೆ ಇವೂ ಬೇಗ ಬೆಳೆಯುವವೇ ಆದ್ದರಿಂದ ಪೆಟ್ಟು ತಿನ್ನುತ್ತವೆ. ಇದನ್ನು ಒಂದು ನಿಮಿಷದಲ್ಲಿ ಚಿತ್ರದಲ್ಲಿ ತೋರಿಸಿದರೆ ಅಡ್ಡಪರಿಣಾಮಗಳ ಪಟ್ಟಿಗೆ ಅರ್ಥ ಬರುತ್ತದೆ. ಕೈಯಲ್ಲಿ ಮಾಡುವ ಕೆಲಸಕ್ಕೆ ಸಿಸ್ಟರ್ ಬೇಕು. ದೊಡ್ಡ ಡಾಕ್ಟರು ಒಂದು ನಿಮಿಷ ಬಂದು ‘ಜ್ವರ ಬಂದರೆ ರಾತ್ರಿಯಾದರೂ ಫೋನ್ ಮಾಡಿ, ನಮಗೆ ತೊಂದರೆಯಿಲ್ಲ’ ಎಂದರೆ ಅದಕ್ಕೆ ತೂಕ ಹೆಚ್ಚು. ರಾತ್ರಿ ಹೊತ್ತು ಡಾಕ್ಟರಿಗೆ ತೊಂದರೆ ಕೊಡಬಾರದು ಎಂಬ ಸಂಕೋಚ ನಮ್ಮವರಲ್ಲಿ ಅಷ್ಟಿದೆ.

ಗುಣವಾದವರ ಕಥೆಗಳ ವಿಷಯದಲ್ಲಿ ನನಗೆ ಎರಡು ಮನಸ್ಸು. ಅವು ಧೈರ್ಯ ಕೊಡುತ್ತವೆ, ನಿಜ. ಆದರೆ ಕ್ಯಾಮೆರಾ ಮುಂದೆ ಬರುವವರು ಚೆನ್ನಾಗಿ ಆದವರೇ. ಅದೇ ಔಷಧಿಗೆ ಬೇರೆ ದೇಹ ಬೇರೆ ಥರ ನಡೆದುಕೊಂಡಾಗ ‘ಅವರಿಗೆ ಏನೂ ಆಗಲಿಲ್ಲ, ನನಗೇ ಯಾಕೆ’ ಎಂಬ ಕೊರಗು ಹುಟ್ಟುತ್ತದೆ. ಗುಣವಾಗುವ ಉದ್ದೇಶವಿಲ್ಲದೆ, ನೋವು ಕಡಿಮೆ ಮಾಡಲು, ದಿನ ಹೆಚ್ಚಿಸಲು ಕೀಮೋ ತೆಗೆದುಕೊಳ್ಳುತ್ತಿರುವವರ ಮುಂದೆ ಇಂಥದ್ದನ್ನು ಹಾಕುವ ಮುನ್ನ ಫೈಲು ನೋಡಿ. ಕೂದಲು ಉದುರಿದಾಗ ಸೆರಗು ಹೇಗೆ ಹೊದ್ದುಕೊಂಡೆ, ಬಾಯಿ ಕಹಿಯಾದಾಗ ಏನು ತಿಂದೆ, ಮಕ್ಕಳಿಗೆ ಹೇಗೆ ಹೇಳಿದೆ, ಇಂಥ ದಿನನಿತ್ಯದ ಮಾತಿಗೆ ಅವರನ್ನು ಕರೆಯಿರಿ. ಮುಖ ತೋರಿಸುವುದಕ್ಕೆ ಬರಹದಲ್ಲಿ ಒಪ್ಪಿಗೆ ಬೇಕು, ಮನಸ್ಸು ಬದಲಾದರೆ ತೆಗೆಯುತ್ತೇವೆ ಎಂಬ ಮಾತೂ ಅದರಲ್ಲಿರಬೇಕು.

ಯಾವಾಗ, ಎಲ್ಲಿ

ಕಾಯುವ ಹಾಲಿನ ಟಿವಿ ಎಲ್ಲರಿಗೂ ಕಾಣುತ್ತದೆ, ಯಾರಿಗೂ ಕೇಳುವುದಿಲ್ಲ. ಹೆಸರು ಕೂಗುವುದರ ಮೇಲೇ ಎಲ್ಲರ ಕಿವಿ. ಅಲ್ಲಿ ದೊಡ್ಡ ಅಕ್ಷರದ, ದನಿ ಬೇಡದ ಒಂದೆರಡು ಮಾತು ಸಾಕು.

ಡ್ರಿಪ್ ಹೋಗುವಾಗ ಟ್ಯಾಬ್ ಕೊಡುವುದು ಜಾಣತನದಂತೆ ಕಾಣುತ್ತದೆ. ಮೂರು ಗಂಟೆ ಸುಮ್ಮನೆ ಕೂತಿರುತ್ತಾರಲ್ಲ. ಆದರೆ ಅನೇಕ ಔಷಧಿಗಳಿಗೆ ಮುಂಚೆ ಅಲರ್ಜಿ ತಡೆಯಲು ಏವಿಲ್‌ನಂಥ ಇಂಜೆಕ್ಷನ್ ಕೊಟ್ಟಿರುತ್ತಾರೆ, ರೋಗಿ ತೂಕಡಿಸುತ್ತಿರುತ್ತಾರೆ. ಆ ಹೊತ್ತು ಪಕ್ಕದಲ್ಲಿ ಕೂತ ಮನೆಯವರಿಗೆ ಕಲಿಸಲು ಒಳ್ಳೆಯದು, ರೋಗಿಗಲ್ಲ. ‘ಉರಿದರೆ ತಡೆದುಕೊಳ್ಳಬೇಡಿ, ಕೂಡಲೇ ಕೂಗಿ’ ಎಂಬ ತುಣುಕನ್ನಂತೂ ಸೂಜಿ ಹಾಕುವ ಮುಂಚೆಯೇ ತೋರಿಸಿರಬೇಕು. ನಮ್ಮ ಹೆಂಗಸರು ನೋವನ್ನು ನುಂಗಿ ಕೂರುವುದನ್ನೇ ಒಳ್ಳೆಯತನ ಎಂದುಕೊಂಡಿರುತ್ತಾರೆ. ಡಾಕ್ಸೊರುಬಿಸಿನ್ ನರದ ಹೊರಗೆ ಸೋರಿದರೆ ಆ ಜಾಗದ ಚರ್ಮ, ಮಾಂಸ ಸತ್ತುಹೋಗಬಹುದು.

ಅತಿ ಒಳ್ಳೆಯ ಹೊತ್ತು ಕೀಮೋ ನಿರ್ಧಾರವಾದ ದಿನಕ್ಕೂ ಮೊದಲ ಸೈಕಲ್‌ಗೂ ನಡುವಿನ ದಿನಗಳು, ಮನೆಯಲ್ಲಿ, ಸಂಜೆ, ನಾಲ್ಕು ಜನ ಸೇರಿದಾಗ. ಆಮೇಲೆ ಕೀಮೋ ಆದ ಐದು ಅಥವಾ ಆರನೇ ದಿನ ಜ್ವರದ ತುಣುಕನ್ನು ಮತ್ತೊಮ್ಮೆ ಕಳಿಸಿ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಕೌಂಟ್ ತೀರಾ ಕೆಳಗಿಳಿಯುವುದು ಸಾಮಾನ್ಯವಾಗಿ 7ರಿಂದ 14ನೇ ದಿನದ ನಡುವೆ. ವಾಂತಿ ನಿಂತಿರುತ್ತದೆ, ರೋಗಿ ಎದ್ದು ಓಡಾಡುತ್ತಿರುತ್ತಾರೆ, ‘ಎಲ್ಲ ಮುಗೀತು’ ಎಂದು ಮನೆಯವರು ಮೈಮರೆಯುವುದು ಸರಿಯಾಗಿ ಆಗಲೇ. ಇದಕ್ಕೆ ಖರ್ಚಿಲ್ಲ, ಒಂದು ಪಟ್ಟಿ ಇಟ್ಟುಕೊಂಡು ದಿನಾ ಐದು ನಿಮಿಷ ವ್ಯಯಿಸಿದರೆ ಆಗುತ್ತದೆ. ಈ ಬರಹದಿಂದ ಒಂದೇ ಒಂದು ಕೆಲಸ ಆರಿಸಿಕೊಳ್ಳುವುದಾದರೆ ಇದನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ.

ಆ ಜ್ವರದ ತುಣುಕಿನಲ್ಲಿ ಏನಿರಬೇಕು? ಥರ್ಮಾಮೀಟರ್ ಇಡುವ ಬಗೆ. 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಳಗಾಗುವ ತನಕ ಕಾಯದೆ ಫೋನ್ ಮಾಡಿ ಹೊರಡಬೇಕು ಎಂಬುದು. ಕಂಕುಳಲ್ಲಿ ಇಟ್ಟರೆ ಬಾಯಿಗಿಂತ ತುಸು ಕಡಿಮೆ ತೋರಿಸುತ್ತದೆ, ಹಾಗಾಗಿ ನಿಮ್ಮ ಆಸ್ಪತ್ರೆ ಹೇಳುವ ಅಂಕಿ ಯಾವುದಕ್ಕೆ ಎಂದು ಬಿಡಿಸಿ ಹೇಳಿ. ಚಳಿ ನಡುಕ ಇದ್ದರೆ ಥರ್ಮಾಮೀಟರ್ ಏನೇ ತೋರಿಸಲಿ ಫೋನ್. ಕೇಳದೆ ಪ್ಯಾರಾಸಿಟಮಾಲ್ ನುಂಗಿಸಿದರೆ ಜ್ವರ ಮರೆಯಾಗುತ್ತದೆ, ಸೋಂಕು ಒಳಗೆ ಹಬ್ಬುತ್ತಿರುತ್ತದೆ. ‘ಉಷ್ಣ ಆಗಿದೆ’ ಎಂದು ಎಳನೀರು ಕೊಟ್ಟು ಮಲಗಿಸುವುದು, ಊರಿನ ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ಒಂದು ಇಂಜೆಕ್ಷನ್ ಹಾಕಿಸಿ ಬರುವುದು, ಎರಡನ್ನೂ ದೃಶ್ಯವಾಗಿ ತೋರಿಸಿ ಬೇಡ ಅನ್ನಿ. ಪ್ಲೇಟ್‌ಲೆಟ್ ಕಡಿಮೆ ಇದ್ದಾಗ ಆ ಸೂಜಿ ಜಾಗದಲ್ಲೇ ರಕ್ತ ಗಡ್ಡೆ ಕಟ್ಟಬಹುದು. ಆಸ್ಪತ್ರೆ ತಲುಪಿದಾಗ ಬಾಗಿಲಲ್ಲೇ ‘ಕೀಮೋ ಆಗಿದೆ, ಜ್ವರ ಇದೆ’ ಎಂದು ಹೇಳಿ ಫೈಲು ತೋರಿಸಬೇಕು, ಏಕೆಂದರೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಶುರುವಾಗಬೇಕು.

ರೋಗಿಗೋ, ನೋಡಿಕೊಳ್ಳುವವರಿಗೋ

ಎರಡೂ ಬೇರೆ ಬೇರೆ ತುಣುಕು ಇದ್ದರೆ ಒಳ್ಳೆಯದು. ರೋಗಿಗೆ ತನ್ನ ಮೈಯಲ್ಲಿ ಏನಾದರೆ ಹೇಳಬೇಕು ಎಂಬುದು ಬೇಕು. ನೋಡಿಕೊಳ್ಳುವವರಿಗೆ ಕೈಗವಸು ಯಾವಾಗ, ಬಟ್ಟೆ ಬೇರೆ ಒಗೆಯುವುದು ಎಷ್ಟು ದಿನ, ತಾವು ಯಾವಾಗ ಮಲಗುವುದು ಎಂಬುದೂ ಬೇಕು. ಆಸ್ಪತ್ರೆಗೆ ಬರುವುದು ಮಗ, ಮನೆಯಲ್ಲಿ ನೋಡಿಕೊಳ್ಳುವುದು ಸೊಸೆ. ವಿಡಿಯೊ ಮಗನ ಫೋನಿನಲ್ಲೇ ಉಳಿಯುತ್ತದೆ. ‘ಅಡುಗೆ ಮಾಡೋರು ಯಾರು, ರಾತ್ರಿ ಪಕ್ಕದಲ್ಲಿ ಮಲಗೋರು ಯಾರು’ ಎಂದು ಕೇಳಿ ಅವರ ನಂಬರು ತೆಗೆದುಕೊಳ್ಳಿ.

ಇನ್ನೊಂದು ಸೂಕ್ಷ್ಮ. ‘ಅಪ್ಪಂಗೆ ಕ್ಯಾನ್ಸರ್ ಅಂತ ಹೇಳಿಲ್ಲ, ನೀವೂ ಹೇಳಬೇಡಿ’ ಎನ್ನುವ ಕುಟುಂಬಗಳು ಇನ್ನೂ ಬರುತ್ತವೆ. ವಿಡಿಯೊದ ಮೊದಲ ವಾಕ್ಯದಲ್ಲೇ ಆ ಪದ ಇರುತ್ತದೆ. ಮುಚ್ಚಿಡುವುದನ್ನು ನಾನು ಒಪ್ಪುವುದಿಲ್ಲ, ತನ್ನ ಕಾಯಿಲೆ ತಿಳಿಯುವುದು ರೋಗಿಯ ಹಕ್ಕು. ಹಾಗಂತ ಆ ಸುದ್ದಿ ಒಂದು ಟ್ಯಾಬ್‌ನಿಂದ ತಿಳಿಯುವಂತೆಯೂ ಆಗಬಾರದು. ತೋರಿಸುವ ಮುನ್ನ ರೋಗಿಗೆ ಏನು ಗೊತ್ತಿದೆ ಎಂದು ಕೇಳಿ, ಡಾಕ್ಟರಿಂದ ಮಾತಾಡಿಸಿ, ಆಮೇಲೆ ವಿಡಿಯೊ.

ಮನೆಯವರೇ ಹುಡುಕುವುದಾದರೆ

ನಿಮ್ಮ ಆಸ್ಪತ್ರೆ ಏನೂ ಕೊಡದಿದ್ದರೆ ಮೊದಲು ಡಿಸ್ಚಾರ್ಜ್ ಕಾರ್ಡಿನಲ್ಲಿರುವ ಔಷಧಿಯ ಹೆಸರುಗಳನ್ನು ಬರೆದುಕೊಳ್ಳಿ, ಆ ಹೆಸರಿನಿಂದಲೇ ಹುಡುಕಿ. ಮಾತಾಡುತ್ತಿರುವವರು ಯಾರು, ಯಾವ ಆಸ್ಪತ್ರೆ, ಯಾವ ವರ್ಷದ್ದು ಎಂದು ನೋಡಿ. ಏನನ್ನಾದರೂ ಮಾರುತ್ತಿದ್ದರೆ ಮುಚ್ಚಿ. ಯಾವಾಗ ಡಾಕ್ಟರಿಗೆ ಫೋನ್ ಮಾಡಬೇಕು ಎಂದು ಒಮ್ಮೆಯೂ ಹೇಳದ ವಿಡಿಯೊ ಎಷ್ಟೇ ಲಕ್ಷ ಜನ ನೋಡಿದ್ದರೂ ನಿಮಗೆ ಬೇಡ. ನೋಡಿದ್ದಕ್ಕೂ ನಿಮ್ಮ ಡಾಕ್ಟರು ಹೇಳಿದ್ದಕ್ಕೂ ಹೊಂದದಿದ್ದರೆ ವಿಡಿಯೊವನ್ನೇ ಫೋನಿನಲ್ಲಿ ಸಿಸ್ಟರಿಗೆ ತೋರಿಸಿ ಕೇಳಿ, ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಡಿಜಿಟಲ್ ಥರ್ಮಾಮೀಟರ್ ಒಂದನ್ನು ಇವತ್ತೇ ತನ್ನಿ.

ಹಾಕುವ ಮುನ್ನ, ಹಾಕಿದ ಮೇಲೆ

ಎರಡು ವಿಡಿಯೊಗಳಲ್ಲಿ ಯಾವುದು ಮೇಲು ಎಂದು ತೂಗಲು ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆಯೊಂದು ರೂಪಿಸಿದ ‘ಪೆಮ್ಯಾಟ್’ ಎಂಬ ಅಂಕಪಟ್ಟಿ ಉಚಿತವಾಗಿ ಸಿಗುತ್ತದೆ. ವಿಡಿಯೊಗಳಿಗೆ ಅದರಲ್ಲಿ 17 ಅಂಶಗಳಿವೆ. ತಿಳಿಯುವಂತಿದೆಯೇ ಎಂಬುದಕ್ಕೆ ಒಂದು ಅಂಕ, ನೋಡಿದವರು ಏನಾದರೂ ಮಾಡುವಂತಿದೆಯೇ ಎಂಬುದಕ್ಕೆ ಬೇರೆ ಅಂಕ. ನಾನು ಎರಡನೆಯದನ್ನೇ ಮೊದಲು ನೋಡುತ್ತೇನೆ. ಆಮೇಲೆ ವಾರ್ಡಿನ ಆಯಾ, ಸೆಕ್ಯುರಿಟಿಯವರು, ಕ್ಯಾಂಟೀನಿನವರು, ಇಂಥ ನಾಲ್ಕು ಜನಕ್ಕೆ ತೋರಿಸಿ. ‘ಅರ್ಥ ಆಯ್ತಾ’ ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ‘ರಾತ್ರಿ ನಿಮ್ಮಮ್ಮಂಗೆ ಮೈ ಬಿಸಿ ಆಯ್ತು ಅಂದ್ಕೊಳ್ಳಿ, ಮೊದಲು ಏನ್ ಮಾಡ್ತೀರಿ?’ ಎಂದು ಕೇಳಿ. ‘ಒಂದು ಡೋಲೋ ಕೊಡ್ತೀನಿ’ ಎಂಬ ಉತ್ತರ ಬಂದರೆ ತುಣುಕನ್ನು ಮತ್ತೆ ಚಿತ್ರೀಕರಿಸಬೇಕು. ರೋಗಿಯ ಮನೆಯವರಿಗೂ ವಿಡಿಯೊ ಮುಗಿದ ಮೇಲೆ ಇದೇ ಪ್ರಶ್ನೆ ಕೇಳಿ, ಅವರು ಹೇಳಿದ್ದನ್ನು ಫೈಲಿನಲ್ಲಿ ಒಂದು ಸಾಲು ಬರೆಯಿರಿ.

ಫೋನ್ ನಂಬರನ್ನು ವಿಡಿಯೊದೊಳಗೆ ಹಾಕಬೇಡಿ. ನಂಬರು ಬದಲಾಗುತ್ತದೆ, ಫಾರ್ವರ್ಡ್ ಆದ ವಿಡಿಯೊ ಬದಲಾಗುವುದಿಲ್ಲ. ‘ನಿಮ್ಮ ಕಾರ್ಡಿನ ಮೇಲಿರುವ ನಂಬರಿಗೆ’ ಎಂದು ಹೇಳಿಸಿ, ಕಾರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ. ಮೊದಲ ಚೌಕಟ್ಟಿನಲ್ಲೇ ತಿಂಗಳು, ವರ್ಷ ಇರಲಿ. ವರ್ಷಕ್ಕೊಮ್ಮೆ ಡಾಕ್ಟರ್ ಜೊತೆ ಕೂತು ಎಲ್ಲವನ್ನೂ ನೋಡಿ, ಹಳತಾದದ್ದನ್ನು ತೆಗೆದುಹಾಕುವ ಜವಾಬ್ದಾರಿಯನ್ನು ಒಬ್ಬರ ಹೆಸರಿಗೆ ಬರೆದಿಡಿ. ಆ ಸಿಸ್ಟರ್ ವರ್ಗವಾಗಿ ಹೋದರೆ ಚಾರ್ಜ್ ಕೊಡುವ ಪಟ್ಟಿಯಲ್ಲಿ ಇದೂ ಇರಲಿ.